ಹಳದಿ ಫ್ಯೂಸು

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ಗೆ ಹೊರಡೋ ಮುಂಚೆ ನಮ್ಮ ಹಳೇ ಮೋಟರ್‌ಹೋಮ್‌ನ (ಒಳಗೇ ಮನೆಯಿರೋ ವ್ಯಾನು) ಲೀಶರ್ ಬ್ಯಾಟರಿ ಬದಲಿಸಿದೆ. ಇಂಜಿನ್‌ದು ಬೇರೆ, ಇದು ದೀಪ, ನೀರಿನ ಪಂಪಿಗೆ. ಹಳೇದು ರಾತ್ರಿಯಿಡೀ ಚಾರ್ಜ್ ಮಾಡಿ ಬಿಟ್ಟರೂ ಸಂಜೆಗೆ 11.8 ವೋಲ್ಟ್. ಅದರ ಕಥೆ ಮುಗೀತು. ಹೊಸದು 110 ಆಂಪಿಯರ್-ಅವರ್, ಎತ್ತುವಾಗ ಸೊಂಟ ಹಿಡೀತು.

ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಕತ್ತಲೆ! ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 12.7, ಒಳಗಿನ ಫ್ಯೂಸ್ ಬಾಕ್ಸ್‌ನಲ್ಲಿ ಸೊನ್ನೆ. ಅಲ್ಲಿದ್ದ ಫ್ಯೂಸನ್ನೆಲ್ಲ ಕಿತ್ತು ನೋಡಿದೆ, ಸುಮ್ನೆ ಎರಡು ಗಂಟೆ ದಂಡ. ಊರಿಂದ ಅಪ್ಪ ವಾಟ್ಸಾಪಲ್ಲಿ, "ಬ್ಯಾಟರಿ ಪಕ್ಕದಲ್ಲೇ ಒಂದು ಇರತ್ತೆ, ನೋಡೋ" ಅಂದರು. ಅವರು ಕಂಡಿದ್ದು ಟ್ರ್ಯಾಕ್ಟರ್, ಪಂಪ್‌ಸೆಟ್ ಅಷ್ಟೇ.

ಇತ್ತು. ಟೇಪ್ ಸುತ್ತಿದ ವೈರಿನ ನಡುವೆ ಹಳದಿ ಬಣ್ಣದ್ದು, 20 ಆಂಪಿಯರ್. ಬೆಳಕಿಗೆ ಹಿಡಿದರೆ ಒಳಗಿನ ತಂತಿ ಕಡಿದು ಕೂದಲೆಳೆಯಷ್ಟು ಬಿಟ್ಟಿದೆ. ಬ್ಯಾಟರಿ ಬದಲಿಸುವಾಗ ಸ್ಪ್ಯಾನರ್ ತಾಗಿ ಕಿಡಿ ಹಾರಿತ್ತು, ಆಗಲೇ ಹೋಗಿರಬೇಕು. ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು ಅಂತ ಗೊತ್ತಿದ್ದೂ ಅವಸರ.

ಚಿಕ್ಕವನಿದ್ದಾಗ ಅಪ್ಪ ಪಿಂಗಾಣಿ ಫ್ಯೂಸಿಗೆ ತಂತಿ ಕಟ್ಟುವಾಗ ಟಾರ್ಚ್ ಹಿಡಿಯೋದು ನನ್ನ ಕೆಲಸ. ಒಂದು ದಿನವೂ ಸರಿಯಾಗಿ ಹಿಡೀಲಿಲ್ಲ ಬಿಡಿ.

ಹೊಸ ಫ್ಯೂಸ್ ಹಾಕಿದೆ, ಪಂಪು ಗುರ್ ಅಂತು. ಟೀಗೆ ನೀರಿಟ್ಟೆ.