ಒಂದೂವರೆ ಲಕ್ಷ ಅಂದ್ರೆ ಯಾವ ಒಂದೂವರೆ ಲಕ್ಷ?

ಬೆಂಗಳೂರಲ್ಲಿ ಐಟಿ ಕಾಂಟ್ರ್ಯಾಕ್ಟ್ ಹುಡುಕೋರಿಗೆ ಏಜೆನ್ಸಿ ಫೋನ್ ಹೆಂಗಿರತ್ತೆ ಅಂತ ಗೊತ್ತೇ ಇದೆ, ಕರೆಂಟ್ ಸಿಟಿಸಿ (ನಿಮಗೋಸ್ಕರ ಕಂಪನಿ ವರ್ಷಕ್ಕೆ ಮಾಡೋ ಒಟ್ಟು ಖರ್ಚು) ಎಷ್ಟು, ಎಕ್ಸ್‌ಪೆಕ್ಟೆಡ್ ಎಷ್ಟು, ನೋಟಿಸ್ ಎಷ್ಟು. ತಿರುಗಿ ನೀವು "ಕ್ಲೈಂಟ್ ನಿಮಗೆ ಎಷ್ಟು ಕೊಡ್ತಾರೆ" ಅಂತ ಕೇಳಿ ನೋಡಿ, ಆ ಕಡೆ ನೆಟ್‌ವರ್ಕೇ ಹೋಗ್ಬಿಡತ್ತೆ!

ವರ್ಷಕ್ಕೆ 18 ಲಕ್ಷ, ಅಂದ್ರೆ ತಿಂಗಳಿಗೆ ಒಂದೂವರೆ ಲಕ್ಷ ಅಂತಿಟ್ಕೊಳ್ಳಿ. ಏಜೆನ್ಸಿ ಪೇರೋಲ್ ಆದ್ರೆ, ಅಂದ್ರೆ ಏಜೆನ್ಸಿಯೇ ನಿಮ್ಮನ್ನ ನೌಕರ ಅಂತ ಇಟ್ಕೊಂಡು ಸಂಬಳ ಕೊಟ್ರೆ, ಕಂಪನಿ ಕಡೆ ಪಿಎಫ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗೋ ಇಡುಗಂಟು), ಇನ್ಶೂರೆನ್ಸ್ ಪ್ರೀಮಿಯಂ ಎಲ್ಲಾ ಸಾಮಾನ್ಯವಾಗಿ ಅದರೊಳಗೇ ತುರುಕಿರ್ತಾರೆ, ಮೇಲೆ ಟ್ಯಾಕ್ಸ್ ವರ್ಷಕ್ಕೆ ಒಂದೂವರೆ ಲಕ್ಷದವರೆಗೂ ಹೋಗತ್ತೆ. ಗ್ರಾಚ್ಯುಟಿ ಬಗ್ಗೆ ಮಾತ್ರ ಬಿಡ್ಬೇಡಿ, 2025ರ ನವೆಂಬರ್‌ನಲ್ಲಿ ಬಂದ ಲೇಬರ್ ಕೋಡ್ ಪ್ರಕಾರ ಫಿಕ್ಸೆಡ್ ಟರ್ಮ್‌ನವರು (ಇಂತಿಷ್ಟೇ ಅವಧಿಗೆ ಅಂತ ಕೆಲಸಕ್ಕೆ ಸೇರಿದವರು) 5 ವರ್ಷ ಕಾಯ್ಬೇಕಿಲ್ಲ, ಒಂದು ವರ್ಷ ಸಾಕು.

ಅದೇ 18 ಲಕ್ಷ ಕನ್ಸಲ್ಟಂಟ್ ಆಗಿ, ಅಂದ್ರೆ ಸಂಬಳದ ಬದಲು ಬಿಲ್ ಹಾಕಿ ತಗೊಂಡ್ರೆ ಲೆಕ್ಕವೇ ಬೇರೆ. 10% ಟಿಡಿಎಸ್ (ದುಡ್ಡು ಕೊಡೋವಾಗ್ಲೇ ಮುರ್ಕೊಳ್ಳೋ ಟ್ಯಾಕ್ಸ್) ಹೋಗಿ ತಿಂಗಳಿಗೆ 1,35,000 ಬರತ್ತೆ, ನೋಡಿದ ತಕ್ಷಣ ಹೊಟ್ಟೆ ಉರಿಯತ್ತೆ. ಆದ್ರೆ 2025-26ರ ಲೆಕ್ಕದಲ್ಲಿ 44ಎಡಿಎ (ಬಂದ ಫೀಸಲ್ಲಿ ಅರ್ಧವನ್ನ ಆದಾಯ ಅಂತ ತೋರಿಸೋಕೆ ಬಿಡೋ ಟ್ಯಾಕ್ಸ್ ಸೆಕ್ಷನ್) ಅಂತ ಹಾಕಿದ್ರೆ ಅರ್ಧ, ಅಂದ್ರೆ 9 ಲಕ್ಷ ಮಾತ್ರ ಆದಾಯ, ಹೊಸ ಟ್ಯಾಕ್ಸ್ ರೆಜಿಮ್‌ನಲ್ಲಿ 12 ಲಕ್ಷದವರೆಗೂ ಟ್ಯಾಕ್ಸ್ ಸೊನ್ನೆ, ಬೇರೆ ಆದಾಯ ಇಲ್ಲದಿದ್ರೆ ಕಟ್ಟಾದ 1,80,000 ಪೂರ್ತಿ ರೀಫಂಡ್. 20 ಲಕ್ಷ ದಾಟದಿದ್ರೆ ಜಿಎಸ್‌ಟಿ ತಲೆನೋವೂ ಇಲ್ಲ.

ಹಂಗಂತ ಕುಣಿಬೇಡಿ. ದಿನಕ್ಕೆ 7,500 ಅಂತ ಮಾತಾಡಿದ್ರೆ 18 ಲಕ್ಷ ಆಗೋಕೆ 240 ದಿನ ಬಿಲ್ ಆಗ್ಬೇಕು. ಡಿಸೆಂಬರ್ ಕೊನೇ ವಾರ ಅಮೆರಿಕಾ ಕ್ಲೈಂಟ್ ಬಾಗಿಲು ಹಾಕ್ದ ಅಂದ್ರೆ ಐದು ದಿನಕ್ಕೆ 37,500 ಢಮಾರ್, ಜ್ವರ ಬಂದ್ರೂ ನಿಮ್ದೇ ಖರ್ಚು, ದಸರಾಗೆ ಊರಿಗೆ ಹೋದ್ರೂ ನಿಮ್ದೇ ಖರ್ಚು. ಇನ್‌ವಾಯ್ಸ್ ಕಳಿಸಿ ಕಾಯೋದು ಬೇರೆ. ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಣಿ) ಇದ್ರೆ 45 ದಿನದೊಳಗೆ ಕೊಡ್ಬೇಕು ಅಂತ ಕಾನೂನಿದೆ, ಅಕೌಂಟ್ಸ್‌ನವರು ಫೋನ್ ಎತ್ತಬೇಕಲ್ಲ.

ವೇರ್‌ಹೌಸ್ ಥರದ ಟೆಂಪರರಿ ಕೆಲಸ ಆದ್ರೆ ಇಷ್ಟು ತಲೆಕೆಡಿಸ್ಕೊಳ್ಳೋದು ಬೇಡ, ಸಂಬಳ 21,000ದೊಳಗಿದ್ರೆ ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಕಾರ್ಡ್ ಕೈಗೆ ಬಂತಾ ನೋಡ್ಕೊಳ್ಳಿ, ನಿಮ್ಮಿಂದ ಹೋಗೋದು 0.75% ಅಷ್ಟೇ.

ನನ್ನ ಪ್ರಕಾರ ಪೇರೋಲ್ ರೇಟಿಗಿಂತ ಕಾಲು ಭಾಗ ಜಾಸ್ತಿ ಸಿಗದೇ ಕನ್ಸಲ್ಟಿಂಗ್‌ಗೆ ಹೂಂ ಅನ್ಬೇಡಿ, ಅದ್ರಲ್ಲೂ ಅಪ್ಪ ಅಮ್ಮನ್ನ ಗ್ರೂಪ್ ಇನ್ಶೂರೆನ್ಸಲ್ಲಿ ಸೇರಿಸ್ಕೊಳ್ತಾರೆ ಅಂದ್ರೆ ಪೇರೋಲೇ ವಾಸಿ. ಇನ್ನೊಂದು, ಹೋಮ್ ಲೋನ್ ಪ್ಲಾನ್ ಇದ್ರೆ ಈಗ್ಲೇ ಯೋಚಿಸಿ, ಬ್ಯಾಂಕಿನವರು ಕೇಳೋದು ಐಟಿ ರಿಟರ್ನ್, ಅದ್ರಲ್ಲಿ ನೀವೇ ಬರ್ಕೊಟ್ಟಿರೋ ಆದಾಯ ಬರೀ 9 ಲಕ್ಷ.