ಮೈಸೂರಿಂದ ಲಂಡನ್‌ಗೆ ನಿಜವಾಗಿ ಎಷ್ಟು ಹೊತ್ತು?

ಮಕ್ಕಳು ಲಂಡನ್‌ನಲ್ಲಿದ್ದಾರೆ ಅಂದರೆ ಮೈಸೂರಿನ ಅಪ್ಪ ಅಮ್ಮಂದಿರು ಮೊದಲು ಕೇಳುವುದೇ ಇದು: ಎಷ್ಟು ದೂರ, ಎಷ್ಟು ಹೊತ್ತು? ಬೆಂಗಳೂರಿಂದ ಸುಮಾರು 8,000 ಕಿ.ಮೀ., ನೇರ ವಿಮಾನವಾದರೆ 10–11 ಗಂಟೆ. ಫೋನಿನಲ್ಲಿ ಹುಡುಕಿದರೂ ಇದೇ ಸಿಗುತ್ತದೆ. ಆದರೆ ವಯಸ್ಸಾದವರನ್ನು ಕಳಿಸುವಾಗ ಇಷ್ಟು ಲೆಕ್ಕ ಸಾಲದು ಅನ್ನುವುದೇ ನನ್ನ ಮಾತು.

ಮೊದಲು ಟಿಕೆಟ್ ನೋಡಿ. ಬೇಸಿಗೆಯಲ್ಲಿ ಬೆಂಗಳೂರಿಂದ ಮಧ್ಯಾಹ್ನ 1ಕ್ಕೆ ಹೊರಟು ಸಂಜೆ 7ಕ್ಕೆ ಲಂಡನ್ ಅಂತ ಇತ್ತು ಅಂದುಕೊಳ್ಳಿ. ನಮ್ಮ ದೊಡ್ಡಮ್ಮ ಅಂಥದ್ದೊಂದು ಟಿಕೆಟ್ ಕೈಯಲ್ಲಿ ಹಿಡಿದು, "ಬರೀ 6 ಗಂಟೆನಾ? ಹಾಗಾದ್ರೆ ಊಟ ಬೇಡ ಬಿಡು" ಅಂದರು. ಎರಡೂ ಕಡೆಯದು ಆಯಾ ಊರಿನ ಗಡಿಯಾರದ ಸಮಯ. ಬೇಸಿಗೆಯಲ್ಲಿ ಲಂಡನ್ ನಮಗಿಂತ 4.30 ಗಂಟೆ ಹಿಂದೆ, ಚಳಿಗಾಲದಲ್ಲಿ 5.30. ಅದನ್ನು ಸೇರಿಸಿದರೆ 10.30 ಗಂಟೆ ಕೂರಬೇಕು. ದೊಡ್ಡಮ್ಮನಿಗೆ ಬಿ.ಪಿ. ಮಾತ್ರೆ ಇದೆ, ಯಾವಾಗ ನುಂಗಬೇಕು ಅನ್ನುವುದಕ್ಕೂ ಈ ಲೆಕ್ಕ ಬೇಕು ಅಲ್ವಾ?

ವಾಪಸ್ ಬರುವಾಗ ಸಾಮಾನ್ಯವಾಗಿ ಅರ್ಧ, ಮುಕ್ಕಾಲು ಗಂಟೆ ಕಡಿಮೆ. ಭೂಮಿ ತಿರುಗುವುದರಿಂದ ಹೀಗೆ ಅಂತ ಜಾಸ್ತಿ ಜನ ಹೇಳುತ್ತಾರೆ, ಅದು ಸರಿಯಲ್ಲ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ವಿಮಾನ ಹಾರುವ ಎತ್ತರದಲ್ಲಿ, ಸುಮಾರು 10 ಕಿ.ಮೀ. ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿ ಬೀಸುತ್ತಿರುತ್ತದೆ. ಜೆಟ್ ಸ್ಟ್ರೀಮ್ ಅನ್ನುವುದು ಇದನ್ನೇ. ಬೆನ್ನಿಗೆ ಸಿಕ್ಕರೆ ಬೇಗ, ಎದುರಾದರೆ ತಡ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನ ನ್ಯೂಯಾರ್ಕಿನಿಂದ ಲಂಡನ್‌ಗೆ 5 ಗಂಟೆಯೊಳಗೇ ಬಂದುಬಿಟ್ಟಿತ್ತು, ಚಂಡಮಾರುತದ ಗಾಳಿ ಹಿಂದಿನಿಂದ ತಳ್ಳಿತ್ತು.

ದೂರವೂ ಹಾಗೇ, ಒಂದೇ ಅಲ್ಲ. ಮನೆಯಲ್ಲಿ ಗ್ಲೋಬ್ ಇದ್ದರೆ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ದಾರ ಬಿಗಿಯಾಗಿ ಎಳೆದು ನೋಡಿ. ಪೆಸಿಫಿಕ್ ಮೇಲೆ ಅಡ್ಡಡ್ಡ ಹೋಗುತ್ತದೆ ಅಂದುಕೊಂಡಿರುತ್ತೇವೆ, ದಾರ ಮಾತ್ರ ಟಿಬೆಟ್, ಸೈಬೀರಿಯಾ ಹತ್ತಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಅದು ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲೆ ವಿಮಾನ ತಂದರಲ್ಲ, ಅವರು ಹಾರಿದ್ದು ಸುಮಾರು 16,000 ಕಿ.ಮೀ. ಆ ಸುದ್ದಿ ಓದಿದಾಗ ಎಷ್ಟು ಖುಷಿಯಾಗಿತ್ತು! ಗಾಳಿ, ಹವಾಮಾನ, ಯಾವ ದೇಶದ ಆಕಾಶ ಮುಚ್ಚಿದೆ ಅನ್ನುವುದು, ಎಲ್ಲ ನೋಡಿಯೇ ದಾರಿ ಹಾಕುತ್ತಾರೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗ ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೋಗುವವರಿಗೆ ಹೊತ್ತು ಜಾಸ್ತಿಯಾಯಿತು.

ಇನ್ನು ನಮ್ಮ ಊರಿನ ಲೆಕ್ಕ. ಮೈಸೂರಿಂದ ದೇವನಹಳ್ಳಿಯ ಏರ್‌ಪೋರ್ಟ್ ಹತ್ತಿರ ಹತ್ತಿರ 180 ಕಿ.ಮೀ. ಎಕ್ಸ್‌ಪ್ರೆಸ್‌ವೇ ಆದಮೇಲೆ ಮಂಡ್ಯ, ಮದ್ದೂರು ದಾಟುವುದು ಗೊತ್ತೇ ಆಗುವುದಿಲ್ಲ, ಕೆಂಗೇರಿ ಬಂದಮೇಲೆ ಇದೆ ಕಷ್ಟ. ಫ್ಲೈಬಸ್‌ಗೆ 4 ಗಂಟೆ ಇಟ್ಟುಕೊಳ್ಳಿ, ಮೇಲೊಂದು ಗಂಟೆ ಟ್ರಾಫಿಕ್‌ಗೆ. ಅಲ್ಲಿ 3 ಗಂಟೆ ಮುಂಚೆ ಇರಬೇಕು. ಲಂಡನ್‌ನಲ್ಲಿ ಇಳಿದು ಪಾಸ್‌ಪೋರ್ಟ್ ಸಾಲು, ಲಗೇಜ್, ಮಕ್ಕಳ ಮನೆ ಅಂತ 2–3 ಗಂಟೆ. ಒಟ್ಟು 20 ಗಂಟೆ ದಾಟಿತು. ಅದಕ್ಕೇ ಅಪ್ಪ ಅಮ್ಮ ಹೊರಡುವುದಾದರೆ ಸ್ವಲ್ಪ ದುಡ್ಡು ಜಾಸ್ತಿ ಆದರೂ ನೇರ ವಿಮಾನವನ್ನೇ ನೋಡಿ, ಮಂಡಿ ನೋವಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ, ಮಾತ್ರೆಗಳನ್ನು ಕೈಚೀಲದಲ್ಲೇ ಇಡಿ.