ಬ್ಲೀಡ್ ಮಾಡುವ ಮುಂಚೆ ಪಿಸ್ಟನ್ ನೋಡಿ

“ಬ್ರೇಕ್ ಮೆತ್ತಗಾಗಿದೆ, ಬ್ಲೀಡ್ ಮಾಡಿಕೊಡಿ.” ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕಿನ ಮೌಂಟನ್ ಬೈಕ್ ತರುವವರು ಹೆಚ್ಚಾಗಿ ಹೀಗೇ ಕೇಳುತ್ತಾರೆ. ಬ್ಲೀಡ್ ಎಂದರೆ ಬ್ರೇಕಿನ ಎಣ್ಣೆಯಲ್ಲಿ ಸೇರಿದ ಗಾಳಿಯನ್ನು ಹೊರತೆಗೆದು ಹೊಸ ಎಣ್ಣೆ ತುಂಬುವುದು. ನಾನು ಮಾತ್ರ ಸಿರಿಂಜಿಗೆ ಕೈ ಹಾಕುವ ಮುಂಚೆ ಚಕ್ರ ಬಿಚ್ಚುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಲಿವರ್ ಹ್ಯಾಂಡಲ್‌ಬಾರಿನ ತನಕ ಬರುವುದಕ್ಕೆ ಗಾಳಿಯೊಂದೇ ಕಾರಣವಲ್ಲ. ಹೊಸ ಎಣ್ಣೆ ತುಂಬಿದರೂ ಸರಿಹೋಗದ ಬ್ರೇಕುಗಳು ಬೇಕಾದಷ್ಟಿವೆ.

ಮೊದಲು ಲಿವರನ್ನೇ ಕೇಳಬೇಕು. ಒತ್ತಿದಷ್ಟೂ ಮೆತ್ತಗೆ ಒಳಗೆ ಹೋಗಿ, ಪಟಪಟನೆ ನಾಲ್ಕಾರು ಸಲ ಒತ್ತಿದಾಗ ಗಟ್ಟಿಯಾದರೆ ಒಳಗೆ ಗಾಳಿ ಇರುವ ಸಾಧ್ಯತೆ ಹೆಚ್ಚು. ತಡವಾಗಿ ಹಿಡಿದರೂ ಹಿಡಿದ ಜಾಗದಲ್ಲಿ ಅಲ್ಲಾಡದೆ ನಿಂತರೆ ರೋಟರ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ), ಅದನ್ನು ಹಿಡಿಯುವ ಪ್ಯಾಡ್ ಎರಡೂ ಸವೆದಿವೆಯೇ ಎಂದು ಅಳೆದು ನೋಡುತ್ತೇನೆ. ಒತ್ತಿ ಹಿಡಿದೇ ಇದ್ದಾಗ ನಿಧಾನಕ್ಕೆ ಜಾರುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಲಿವರಿನ ಒಳಗಿನ ಸೀಲ್ ಹೋಗಿದೆ. ಅಂಥ ಬ್ರೇಕಿಗೆ ಬ್ಲೀಡ್ ಮಾಡಿ ಕಳಿಸುವುದು ಸವಾರನಿಗೆ ಮಾಡುವ ಅನ್ಯಾಯ.

ಎಲ್ಲರೂ ಕಡೆಗಣಿಸುವುದು ಪಿಸ್ಟನ್‌ಗಳನ್ನು. ಕ್ಯಾಲಿಪರಿನಲ್ಲಿ, ಅಂದರೆ ರೋಟರನ್ನು ಎರಡೂ ಬದಿಯಿಂದ ಹಿಡಿಯುವ ಭಾಗದಲ್ಲಿ, ಪ್ಯಾಡನ್ನು ತಳ್ಳುವ ಪಿಸ್ಟನ್ ಸುತ್ತ ಚೌಕಾಕಾರದ ಅಂಚಿರುವ ಒಂದು ರಬ್ಬರ್ ಸೀಲ್ ಇರುತ್ತದೆ. ಲಿವರ್ ಒತ್ತಿದಾಗ ಪಿಸ್ಟನ್ ಮುಂದೆ ಬರುತ್ತದೆ, ಸೀಲ್ ಅದರ ಜೊತೆ ತುಸು ತಿರುಚಿಕೊಳ್ಳುತ್ತದೆ. ಕೈ ಬಿಟ್ಟಾಗ ಸೀಲ್ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಹಿಂದಕ್ಕೆ ಎಳೆಯುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ಸೀಲಿನೊಳಗೆ ಸ್ವಲ್ಪ ಸ್ವಲ್ಪವೇ ಜಾರಿ ಮುಂದೆ ಬರಬೇಕು. ಧೂಳು, ಕೆಸರು ಒಣಗಿ ಅಂಟಿಕೊಂಡರೆ ಆ ಜಾರುವಿಕೆ ನಿಲ್ಲುತ್ತದೆ. ಆಗ ಒಂದು ಬದಿಯ ಪಿಸ್ಟನ್ ಬರುತ್ತದೆ, ಇನ್ನೊಂದು ಬರುವುದಿಲ್ಲ. ಬಂದ ಪ್ಯಾಡ್ ರೋಟರನ್ನು ಎದುರು ಬದಿಗೆ ಬಾಗಿಸುತ್ತದೆ. ಸವಾರನ ಬೆರಳಿಗೆ ತಿಳಿಯುವ ಮೆತ್ತಗಿನ ಭಾವ ರೋಟರ್ ಬಾಗುವುದರದ್ದು, ಗಾಳಿಯದ್ದಲ್ಲ.

ಇದಕ್ಕೆ ಮದ್ದು ತಾಳ್ಮೆ ಮಾತ್ರ. ಪ್ಯಾಡ್ ತೆಗೆದು, ಸಲೀಸಾಗಿ ಓಡುವ ಪಿಸ್ಟನ್ನನ್ನು ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರಿನಿಂದ ತಡೆಹಿಡಿದು, ಬ್ರೇಕ್ ಲಿವರ್ ಹಗುರಾಗಿ ಒತ್ತಿ. ಮೊಂಡು ಪಿಸ್ಟನ್ ಒಂದೆರಡು ಮಿ.ಮೀ. ಹೊರಗೆ ಬಂದರೆ ಸಾಕು. ಹೆಚ್ಚು ಒತ್ತಿದರೆ ಪೂರ್ತಿ ಕಳಚಿ ಬಿದ್ದು ಎಣ್ಣೆಯೆಲ್ಲ ಚೆಲ್ಲುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಪಿಸ್ಟನ್ನಿನ ಅಂಚು ಒರೆಸಿದರೆ ಕಡ್ಡಿ ಕಪ್ಪಾಗಿ ಬರುತ್ತದೆ. ಸ್ವಚ್ಛವಾಗಿ ಬರುವ ತನಕ ಒರೆಸಿ. ಆ ಬ್ರೇಕಿನಲ್ಲಿ ಯಾವ ಎಣ್ಣೆ ಇದೆಯೋ ಅದನ್ನೇ ಒಂದು ತೊಟ್ಟು ಅಂಚಿಗೆ ಹಚ್ಚಿ, ನೇರವಾಗಿ ಒಳಗೆ ತಳ್ಳಿ, ಮತ್ತೆ ಹೊರತನ್ನಿ. ಎರಡೂ ಬದಿ ಜೊತೆಜೊತೆಗೆ ಚಲಿಸುವವರೆಗೆ ಹೀಗೇ ಮಾಡಬೇಕು. ಸ್ಕ್ರೂಡ್ರೈವರ್ ಮುಟ್ಟಬೇಡಿ, ಸೆರಾಮಿಕ್ ಪಿಸ್ಟನ್ನಿನ ಅಂಚು ಸುಲಭವಾಗಿ ಸೀಳುತ್ತದೆ. ಕೊನೆಯಲ್ಲಿ ಉಳಿದ ಎಣ್ಣೆಯನ್ನು ಚೆನ್ನಾಗಿ ಒರೆಸಿ ತೆಗೆಯಿರಿ. ಪ್ಯಾಡಿಗೆ ಎಣ್ಣೆ ಹತ್ತಿದರೆ ಹೊಸ ಪ್ಯಾಡ್ ಹಾಕುವುದೇ ಲೇಸು.

ಇಷ್ಟಾದ ಮೇಲೂ ಲಿವರ್ ಮೆತ್ತಗಿದ್ದರೆ ಬ್ಲೀಡ್ ಮಾಡಿ. ಎಣ್ಣೆಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಶಿಮಾನೊ, ಮಗುರಾ ಬ್ರೇಕುಗಳಿಗೆ ಮಿನರಲ್ ಆಯಿಲ್. ಹೋಪ್ ಬ್ರೇಕುಗಳಿಗೂ ಸ್ರಾಮ್‌ನ ಹಲವು ಬ್ರೇಕುಗಳಿಗೂ ಡಾಟ್ ಫ್ಲೂಯಿಡ್ (ಕಾರುಗಳಲ್ಲೂ ಬಳಸುವ ಬಗೆಯ ಬ್ರೇಕ್ ಎಣ್ಣೆ). ಆದರೆ ಸ್ರಾಮ್‌ನ ಮೇವನ್‌ನಂಥವು ಮಿನರಲ್ ಆಯಿಲಿನವು. ಹಾಗಾಗಿ ಕಂಪನಿ ನೋಡಿ ಊಹಿಸಬೇಡಿ, ಲಿವರಿನ ಮೇಲೆ ಏನು ಬರೆದಿದೆ ಎಂದು ಓದಿ. ತಪ್ಪು ಎಣ್ಣೆ ಹೋದರೆ ಸೀಲುಗಳು ಉಬ್ಬಿ ಇಡೀ ಬ್ರೇಕ್ ಹಾಳಾಗುತ್ತದೆ. ಡಾಟ್ 5.1ರ ಜಾಗಕ್ಕೆ ಡಾಟ್ 5 ಹಾಕಲೇಬಾರದು, ಅದು ಸಿಲಿಕೋನ್ ಮೂಲದ್ದು.

ಡಾಟ್ 5.1ರಂಥ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 5.1ರ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 260 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹೀರಿದ ಮೇಲೆ ಲೆಕ್ಕಕ್ಕೆ ಹಿಡಿಯುವ ಮಿತಿ 180. ಮಿನರಲ್ ಆಯಿಲ್ ನೀರು ಹೀರುವುದಿಲ್ಲ, ಆದ್ದರಿಂದ ಬದಲಿಸುವ ಅಗತ್ಯವೇ ಇಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಳಸೇರಿದ ನೀರು ಬೆರೆಯದೆ ತಳಕ್ಕೆ ಇಳಿದು, ಅತಿ ಹೆಚ್ಚು ಬಿಸಿಯಾಗುವ ಕ್ಯಾಲಿಪರಿನಲ್ಲೇ ಕೂರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಅದು ಆವಿಯಾದರೆ ಲಿವರ್ ಒಮ್ಮೆಗೇ ಹ್ಯಾಂಡಲ್‌ಬಾರಿಗೆ ತಾಗುತ್ತದೆ.

ಪಿಸ್ಟನ್‌ಗಳನ್ನು ಪೂರ್ತಿ ಒಳಗೆ ತಳ್ಳಿ, ಬ್ಲೀಡ್ ಬ್ಲಾಕ್ (ಪ್ಯಾಡಿನ ಜಾಗದಲ್ಲಿ ಕೂತು ಪಿಸ್ಟನ್ ಹೊರಬಾರದಂತೆ ತಡೆಯುವ ತುಂಡು) ಇಟ್ಟೇ ಬ್ಲೀಡ್ ಶುರು ಮಾಡಬೇಕು. ಪಿಸ್ಟನ್ ಹೊರಗಿರುವಾಗ ಎಣ್ಣೆ ತುಂಬಿಬಿಟ್ಟರೆ ಆಮೇಲೆ ಹೊಸ ಪ್ಯಾಡಿಗೆ ಜಾಗವೇ ಇರದು. ಶಿಮಾನೊದಲ್ಲಿ ಲಿವರಿಗೆ ಫನಲ್ (ಆಲಿಕೆ) ಸಿಕ್ಕಿಸಿ ಕ್ಯಾಲಿಪರಿನಿಂದ ಮೇಲಕ್ಕೆ ಎಣ್ಣೆ ತಳ್ಳುತ್ತೇವೆ. ದೊಡ್ಡ ಗುಳ್ಳೆಗಳು ತಾವಾಗಿಯೇ ಬರುತ್ತವೆ. ಮೊಂಡುತನ ಮಾಡುವುದು ಸಾಸಿವೆಗಿಂತ ಸಣ್ಣವು, ಲಿವರಿನ ಮೂಲೆಗಳಲ್ಲಿ ಅಡಗಿ ಕೂತವು. ಹೋಸ್ ಮತ್ತು ಕ್ಯಾಲಿಪರನ್ನು ಹಗುರಾಗಿ ತಟ್ಟಿ, ಲಿವರನ್ನು ಹಿಂದೆ ಮುಂದೆ 30 ಡಿಗ್ರಿಯಷ್ಟು ವಾಲಿಸಿ, ಮೆಲ್ಲಗೆ ಒತ್ತಿ ಬಿಡಿ. ಫನಲಿನ ತಳದಿಂದ ಒಂದೊಂದಾಗಿ ಏಳುತ್ತವೆ. ಗುಳ್ಳೆ ಬರುವುದು ನಿಂತಿತೆಂದು ಅನ್ನಿಸಿದ ಮೇಲೂ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ವಾಲಿಸುತ್ತೇನೆ. ಆಗಲೂ ಒಂದೆರಡು ಬರುತ್ತವೆ.

ಎಲ್ಲ ಜೋಡಿಸಿ, ಕ್ಯಾಲಿಪರ್ ರೋಟರಿನ ನಡುಮಧ್ಯ ಬಂದಿದೆಯೇ ನೋಡಿ, ರೋಟರನ್ನು ಆಲ್ಕೊಹಾಲಿನಿಂದ ಒರೆಸಿ. ಹೊಸ ಪ್ಯಾಡ್ ಆದರೆ ಅದು ರೋಟರಿಗೆ ಹೊಂದಿಕೊಳ್ಳಲು ಸಮತಟ್ಟು ರಸ್ತೆಯಲ್ಲಿ ಸಾಧಾರಣ ವೇಗದಿಂದ ನಡಿಗೆಯ ವೇಗಕ್ಕೆ ಸುಮಾರು 20 ಸಲ, ಇನ್ನೂ ಜೋರಾದ ವೇಗದಿಂದ 10 ಸಲ ಇಳಿಸಬೇಕು. ಚಕ್ರ ಲಾಕ್ ಆಗಬಾರದು, ಪೂರ್ತಿ ನಿಲ್ಲಿಸಲೂಬಾರದು. ಚಕ್ರ ಬಿಚ್ಚಿ ಬೈಕ್ ಸಾಗಿಸುವಾಗ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ಸ್ಪೇಸರ್ ಇಡಿ. ದಾರಿಯಲ್ಲಿ ಯಾರಾದರೂ ಲಿವರ್ ಒತ್ತಿದರೂ ಪಿಸ್ಟನ್ ಹೊರಗೆ ಬರುವುದಿಲ್ಲ.